ಮುಖದ ಕ್ರೀಮು ಮತ್ತು ಮೊಬೈಲ್ ಆ್ಯಪ್: ಎಷ್ಟು ನಂಬಬಹುದು?



ತೋಟಕ್ಕೆ ಮದ್ದು ಬಿಡುವ ಮೊದಲು ಡಬ್ಬದ ಮೇಲಿನ ತ್ರಿಕೋನದ ಬಣ್ಣ ನೋಡುವ ಅಭ್ಯಾಸ ನಮ್ಮ ರೈತ ಕುಟುಂಬಗಳಲ್ಲಿ ಉಂಟು. ಕೆಂಪಾದರೆ ಅತ್ಯಂತ ವಿಷಕಾರಿ, ಹಳದಿಯಾದರೆ ಹೆಚ್ಚು ವಿಷಕಾರಿ, ನೀಲಿಯಾದರೆ ಸಾಧಾರಣ ವಿಷಕಾರಿ, ಹಸಿರಾದರೆ ಅಲ್ಪ ವಿಷಕಾರಿ. ಬಣ್ಣ ನೋಡಿ ಡಬ್ಬವನ್ನು ಮಕ್ಕಳ ಕೈಗೆಟಕದ ಕಡೆ ಇಡುತ್ತೇವೆ. ಕೆಲಸ ಮುಗಿದ ಮೇಲೆ ಸಾಬೂನು ಹಚ್ಚಿ ಕೈಕಾಲು ತೊಳೆಯುತ್ತೇವೆ. ಆದರೆ ಅದೇ ಮನೆಯ ಕನ್ನಡಿಯ ಬಳಿ ಇರುವ ಕ್ರೀಮಿನ ಡಬ್ಬಿಯನ್ನು ತಿರುಗಿಸಿ ಹಿಂಬದಿಯಲ್ಲಿ ಏನು ಬರೆದಿದೆ ಎಂದು ಓದುವವರು ಬಹಳ ಕಡಿಮೆ. ಗಿಡಕ್ಕೆ ಸಿಂಪಡಿಸುವುದನ್ನು ಓದಿ ನೋಡುವ ನಾವು, ಸ್ವಂತ ಮುಖಕ್ಕೆ ಹಚ್ಚುವುದನ್ನು ಓದದೆಯೇ ಹಚ್ಚುತ್ತೇವೆ.

ಈಗ ಇದಕ್ಕೊಂದು ಸುಲಭ ಉಪಾಯ ಬಂದಿದೆ ಎಂದು ನಮ್ಮ ಯುವಕ ಯುವತಿಯರು ಹೇಳುತ್ತಾರೆ. ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಳ್ಳುವುದು, ಡಬ್ಬಿಯ ಮೇಲಿನ ಕಪ್ಪುಗೆರೆಗಳ ಬಾರ್‌ಕೋಡಿಗೆ ಕ್ಯಾಮರಾ ಹಿಡಿಯುವುದು, ಕೂಡಲೇ ಹಸಿರು ಅಥವಾ ಕೆಂಪು ಬಣ್ಣ ಮೂಡುವುದು. "ಮೊಬೈಲಿನಲ್ಲಿ ಹಸಿರು ಬಂತು, ಇನ್ನು ಹಚ್ಚಬಹುದಲ್ಲ?" ಎಂದು ಕೇಳುವವರಿದ್ದಾರೆ. "ಕೆಂಪು ಬಂತು, ಇಷ್ಟು ವರ್ಷ ಹಚ್ಚಿದ್ದೇವಲ್ಲ, ಇನ್ನೇನು ಗತಿ?" ಎಂದು ಹೆದರಿದವರೂ ಇದ್ದಾರೆ. ಈ ಇಬ್ಬರಿಗೂ ಉತ್ತರವಾಗಿ ಈ ಸಲದ ಪಾಠವನ್ನು ಬರೆಯುತ್ತಿದ್ದೇವೆ.

ನಮ್ಮ ಉತ್ತರ ಚಿಕ್ಕದು. ಆ್ಯಪ್ ಪ್ರಯೋಜನದ ಸಾಧನವೇ ಹೌದು. ಆದರೆ ಅದು ಡಬ್ಬಿಯ ಮೇಲೆ ಬರೆದದ್ದನ್ನು ಓದುತ್ತದೆ, ಡಬ್ಬಿಯ ಒಳಗಿರುವುದನ್ನು ಓದುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ನಂಬಿದರೆ ಮೂತ್ರಪಿಂಡಕ್ಕೇ ಅಪಾಯ ಬರಬಹುದು. ಹೇಗೆಂಬುದನ್ನು ಒಂದೊಂದಾಗಿ ನೋಡೋಣ.

1. ಆ್ಯಪ್ ಕೆಲಸ ಮಾಡುವ ಬಗೆ

ಇಂತಹ ಆ್ಯಪ್‌ಗಳು ಹಲವು ಇವೆ. ಕೆನಡಾದಲ್ಲಿ ಹುಟ್ಟಿದ 'ಥಿಂಕ್ ಡರ್ಟಿ' 2013ರಲ್ಲಿ ಬಂತು. ಫ್ರಾನ್ಸಿನ 'ಯುಕಾ' 2017ರಲ್ಲಿ ಮೊದಲು ಆಹಾರ ಪದಾರ್ಥಗಳಿಗಾಗಿ ಬಂದು, ಮರುವರ್ಷ ಸೌಂದರ್ಯ ಸಾಮಗ್ರಿಗಳನ್ನೂ ಸೇರಿಸಿಕೊಂಡಿತು. ಅದು ಪ್ರತಿಯೊಂದು ಸಾಮಗ್ರಿಗೆ 100ರಲ್ಲಿ ಇಷ್ಟು ಎಂದು ಅಂಕ ಕೊಡುತ್ತದೆ. ಅಮೆರಿಕದ ಒಂದು ಪರಿಸರ ಸಂಸ್ಥೆಯವರು 2004ರಲ್ಲಿ ಆರಂಭಿಸಿದ 'ಸ್ಕಿನ್ ಡೀಪ್' ಎಂಬ ದೊಡ್ಡ ಪಟ್ಟಿಯನ್ನು ಆಧರಿಸಿದ ಆ್ಯಪ್ ಕೂಡ ಇದೆ.

ಇವೆಲ್ಲದರ ಕೆಲಸ ಹೆಚ್ಚುಕಡಿಮೆ ಒಂದೇ ಬಗೆಯದು. ಬಾರ್‌ಕೋಡ್ ಎಂದರೆ ಒಂದು ನಂಬರು ಮಾತ್ರ. ಆ ನಂಬರಿನ ಸಾಮಗ್ರಿಗೆ ಯಾವ ಘಟಕಗಳ ಪಟ್ಟಿ ಇದೆ ಎಂದು ಆ್ಯಪ್ ತನ್ನ ದಾಖಲೆಯಲ್ಲಿ ಹುಡುಕುತ್ತದೆ. ಆ ಪಟ್ಟಿಯಲ್ಲಿರುವ ಒಂದೊಂದು ಹೆಸರಿಗೂ ಆ್ಯಪ್ ನಡೆಸುವವರು ಮೊದಲೇ ಒಂದು ಬಣ್ಣ ನಿಶ್ಚಯಿಸಿ ಇಟ್ಟಿರುತ್ತಾರೆ. ಅವನ್ನು ಕೂಡಿಸಿ ಒಟ್ಟು ತೀರ್ಪು ಕೊಡುತ್ತದೆ. ಕ್ಯಾಮರಾ ಕ್ರೀಮನ್ನು ಪರೀಕ್ಷಿಸುವುದಿಲ್ಲ. ಡಬ್ಬಿಯೊಳಗೆ ಕ್ರೀಮಿನ ಬದಲು ಸುಣ್ಣವನ್ನು ತುಂಬಿಸಿಟ್ಟರೂ ಆ್ಯಪ್ ಕೊಡುವ ಅಂಕ ಬದಲಾಗದು.

ಇನ್ನೊಂದು ಮಾತು. ಇವು ಪರದೇಶದ ಅಂಗಡಿಗಳನ್ನು ಮನಸ್ಸಿನಲ್ಲಿಟ್ಟು ರಚಿಸಿದವು. ನಮ್ಮ ಪೇಟೆಯಲ್ಲಿ ಸಿಗುವ ಎಷ್ಟೋ ಸಾಮಗ್ರಿಗಳು ಅವುಗಳ ದಾಖಲೆಯಲ್ಲಿ ಇರುವುದಿಲ್ಲ. 890 ಎಂದು ಆರಂಭವಾಗುವ ಬಾರ್‌ಕೋಡ್ ಇದ್ದರೆ 'ಭಾರತದಲ್ಲಿ ತಯಾರಾದದ್ದು, ಸುರಕ್ಷಿತ' ಎಂಬ ಮಾತು ಪ್ರಚಾರದಲ್ಲಿದೆ. ಅದೂ ಸರಿಯಲ್ಲ. ಆ ಅಂಕೆಗಳು ಬಾರ್‌ಕೋಡ್ ಪಡೆದ ಕಂಪೆನಿ ಭಾರತದ ಸಂಸ್ಥೆಯಲ್ಲಿ ನೋಂದಾಯಿಸಿದೆ ಎಂಬುದನ್ನಷ್ಟೇ ತಿಳಿಸುತ್ತವೆ. ಸಾಮಾನು ಎಲ್ಲಿ ತಯಾರಾಯಿತು, ಅದರ ಗುಣ ಹೇಗಿದೆ ಎಂಬುದನ್ನು ತಿಳಿಸುವುದಿಲ್ಲ.

2. ಕೆಂಪು ಬಂದರೆ ಹೆದರಬೇಕೇ?

ಕೊಳೆರೋಗಕ್ಕೆ ನಾವು ಬಿಡುವ ಬೋರ್ಡೋ ದ್ರಾವಣವನ್ನು ನೆನಪಿಸಿಕೊಳ್ಳಿ. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಈ ಪ್ರಮಾಣದಲ್ಲಿ ಅದು ಅಡಿಕೆಯ ಗೊನೆಯನ್ನು ಉಳಿಸುತ್ತದೆ. ಸುಣ್ಣ ಕಡಿಮೆಯಾಗಿ ಮೈಲುತುತ್ತು ಹೆಚ್ಚಾದರೆ ಎಳೆಕಾಯಿಯನ್ನೇ ಸುಡುತ್ತದೆ. ಎರಡರಲ್ಲಿಯೂ ಪದಾರ್ಥದ ಹೆಸರು ಒಂದೇ. ಬೇರೆಯಾದದ್ದು ಪ್ರಮಾಣ. ಹೆಸರನ್ನಷ್ಟೇ ಓದಿದವನಿಗೆ ಇದು ತಿಳಿಯುವುದಿಲ್ಲ.

ಆ್ಯಪ್‌ನ ಮೊದಲ ಕೊರತೆ ಇದೇ. ಲೇಬಲ್ಲಿನಲ್ಲಿ ಘಟಕಗಳ ಹೆಸರು ಇರುತ್ತದೆ, ಸಾಮಾನ್ಯವಾಗಿ ಪ್ರಮಾಣ ಇರುವುದಿಲ್ಲ. ಉದಾಹರಣೆಗೆ ಪ್ಯಾರಾಬೆನ್ ಎಂಬ ವರ್ಗದ ಪದಾರ್ಥಗಳು. ಕ್ರೀಮು ಹಾಳಾಗದಂತೆ ಇವನ್ನು ಸೇರಿಸುತ್ತಾರೆ. ಹಲವು ಆ್ಯಪ್‌ಗಳು ಈ ಹೆಸರು ಕಂಡ ಕೂಡಲೇ ಅಂಕ ಇಳಿಸುತ್ತವೆ. ಆದರೆ ಕಟ್ಟುನಿಟ್ಟಿನ ಕಾನೂನು ಇರುವ ಐರೋಪ್ಯ ಒಕ್ಕೂಟದಲ್ಲಿಯೂ ಮೀಥೈಲ್ ಪ್ಯಾರಾಬೆನ್ ಅನ್ನು ಶೇಕಡಾ 0.4ರ ಮಿತಿಯೊಳಗೆ ಬಳಸಲು ಅನುಮತಿ ಇದೆ. ಕೆಡದಂತೆ ಕಾಯುವ ಪದಾರ್ಥ ಏನೂ ಇಲ್ಲದ ಕ್ರೀಮು ಆಟಿ ತಿಂಗಳ ತೇವದಲ್ಲಿ ಏನಾದೀತು? ಸರಿಯಾಗಿ ಒಣಗದ ಕೊಪ್ಪರಕ್ಕೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದನ್ನು ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮದ್ದಿನ ಡಬ್ಬದ ತ್ರಿಕೋನಕ್ಕೂ ಆ್ಯಪ್‌ನ ಬಣ್ಣಕ್ಕೂ ಇರುವ ಭೇದವನ್ನೂ ಗಮನಿಸಿ. ತ್ರಿಕೋನದ ಬಣ್ಣವನ್ನು ಕಾನೂನು ನಿರ್ಧರಿಸುತ್ತದೆ. ಎಷ್ಟು ಪ್ರಮಾಣದಲ್ಲಿ ಪ್ರಾಣಹಾನಿಯಾಗುತ್ತದೆ ಎಂಬ ಪರೀಕ್ಷೆಯ ಆಧಾರ ಅದಕ್ಕಿದೆ. ಆ್ಯಪ್‌ನ ಬಣ್ಣವನ್ನು ಅದನ್ನು ನಡೆಸುವ ಸಂಸ್ಥೆಯವರು ತಮ್ಮ ವಿವೇಚನೆಯಂತೆ ನಿರ್ಧರಿಸುತ್ತಾರೆ. ಆದುದರಿಂದ ಒಂದೇ ಕ್ರೀಮಿಗೆ ಒಂದು ಆ್ಯಪ್ ಕೆಂಪು ತೋರಿಸಿ ಇನ್ನೊಂದು ಹಳದಿ ತೋರಿಸಬಹುದು. ಕೆಂಪು ಬಂದರೆ ಗಾಬರಿಯಾಗುವ ಬದಲು, ಯಾವ ಘಟಕಕ್ಕಾಗಿ ಕೆಂಪು ಬಂತು, ಕಾರಣ ಏನು ಕೊಟ್ಟಿದ್ದಾರೆ ಎಂದು ಓದಬೇಕು.

3. ಹಸಿರು ಬಂದರೆ ನಂಬಬೇಕೇ?

ಇದು ಇನ್ನೂ ದೊಡ್ಡ ಪ್ರಶ್ನೆ. ಸುಳ್ಳು ಭಯದಿಂದ ಆಗುವ ಹಾನಿಗಿಂತ ಸುಳ್ಳು ಧೈರ್ಯದಿಂದ ಆಗುವ ಹಾನಿ ಹೆಚ್ಚು. ಇದಕ್ಕೆ ನಮ್ಮ ರಾಜ್ಯದಲ್ಲಿಯೇ ಉದಾಹರಣೆ ಇದೆ.

ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಆಸ್ಟರ್ ಮಿಮ್ಸ್ ಆಸ್ಪತ್ರೆಯ ಮೂತ್ರಪಿಂಡ ತಜ್ಞರು 2021ರ ಜುಲೈಯಿಂದ 2023ರ ಸಪ್ಟೆಂಬರ್ ವರೆಗೆ ತಮ್ಮಲ್ಲಿಗೆ ಬಂದ ಒಂದು ವಿಶಿಷ್ಟ ಕಾಯಿಲೆಯ 22 ರೋಗಿಗಳನ್ನು ಅಭ್ಯಸಿಸಿದರು. ಮೂತ್ರಪಿಂಡದ ಸೋಸುವ ಪರದೆ ಹಾಳಾಗಿ, ದೇಹಕ್ಕೆ ಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುವ ಕಾಯಿಲೆ ಅದು. ಈ 22 ಮಂದಿಯಲ್ಲಿ 15 ಮಂದಿಗೆ ಬಂದಿದ್ದುದು ಆ ಕಾಯಿಲೆಯ ಒಂದು ಅಪರೂಪದ ಬಗೆ. ಆ 15 ಮಂದಿಯಲ್ಲಿ 13 ಮಂದಿ ಕಾಯಿಲೆ ಕಾಣಿಸಿಕೊಳ್ಳುವ ಮೊದಲು ಚರ್ಮ ಬೆಳ್ಳಗಾಗಿಸುವ ಕ್ರೀಮು ಹಚ್ಚುತ್ತಿದ್ದರು. ಅವರ ಕಾಯಿಲೆಗೂ ಕ್ರೀಮುಗಳಲ್ಲಿದ್ದ ಪಾದರಸಕ್ಕೂ ಸಂಬಂಧವಿದೆ ಎಂದು ವೈದ್ಯರು ಕಂಡುಕೊಂಡರು. ಈ ವಿಚಾರ 2024ರಲ್ಲಿ 'ಕಿಡ್ನಿ ಇಂಟರ್‌ನ್ಯಾಷನಲ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕ್ರೀಮು ನಿಲ್ಲಿಸಿದ ಮೇಲೆ ಹೆಚ್ಚಿನವರಿಗೆ ಗುಣ ಕಂಡಿತು ಎಂಬುದು ಸಮಾಧಾನದ ಸಂಗತಿ.

ಕೇರಳದ ಔಷಧ ನಿಯಂತ್ರಣ ಇಲಾಖೆಯವರು 2023ರಲ್ಲಿ 'ಆಪರೇಷನ್ ಸೌಂದರ್ಯ' ಎಂಬ ತಪಾಸಣೆಯನ್ನು ಆರಂಭಿಸಿದರು. 2025ರ ಜನವರಿಯಲ್ಲಿ ಅದರ ಮೂರನೆಯ ಹಂತವನ್ನು ತಿಳಿಸುವಾಗ, ಹಿಂದಿನ ತಪಾಸಣೆಯಲ್ಲಿ ಸಿಕ್ಕಿದ ಲಿಪ್‌ಸ್ಟಿಕ್ ಮತ್ತು ಮುಖದ ಕ್ರೀಮಿನ ಮಾದರಿಗಳಲ್ಲಿ ಅನುಮತಿ ಇರುವ ಮಿತಿಯ 12,000 ಪಟ್ಟು ಪಾದರಸ ಕಂಡುಬಂದಿತ್ತು ಎಂದು ರಾಜ್ಯದ ಆರೋಗ್ಯ ಸಚಿವೆ ವೀಣಾ ಜಾರ್ಜ್ ಹೇಳಿದರು.

ಈ ಲೆಕ್ಕವನ್ನು ಬಿಡಿಸಿ ನೋಡೋಣ. ಭಾರತದ 2020ರ ಸೌಂದರ್ಯ ಸಾಮಗ್ರಿ ನಿಯಮಗಳ ಪ್ರಕಾರ ಕ್ರೀಮಿಗೆ ಪಾದರಸವನ್ನು ಸೇರಿಸುವಂತಿಲ್ಲ. ಉದ್ದೇಶವಿಲ್ಲದೆ ಸೇರಿಹೋದ ಅಂಶ ಹತ್ತು ಲಕ್ಷದಲ್ಲಿ ಒಂದು ಪಾಲನ್ನು, ಅಂದರೆ ಒಂದು ಕಿಲೋ ಕ್ರೀಮಿಗೆ ಒಂದು ಮಿಲಿಗ್ರಾಮನ್ನು ಮೀರಬಾರದು. ಕಣ್ಣಿಗೆ ಹಚ್ಚುವ ಸಾಮಗ್ರಿಗಳಿಗೆ ಮಾತ್ರ ಬೇರೆ ಮಿತಿ ಇದೆ. 12,000 ಪಟ್ಟು ಎಂದರೆ ಒಂದು ಕಿಲೋ ಕ್ರೀಮಿನಲ್ಲಿ 12 ಗ್ರಾಮ್ ಪಾದರಸ. 20 ಗ್ರಾಮಿನ ಒಂದು ಪುಟ್ಟ ಡಬ್ಬಿಯಲ್ಲಿ 240 ಮಿಲಿಗ್ರಾಮ್.

ಇನ್ನು ಮುಖ್ಯ ವಿಷಯ. ಕಾನೂನು ನಿಷೇಧಿಸಿದ ಪದಾರ್ಥವನ್ನು ಹಾಕುವವನು ಅದರ ಹೆಸರನ್ನು ಲೇಬಲ್ಲಿನಲ್ಲಿ ಬರೆಯುವುದುಂಟೇ? ಅವನು ನೀರು, ಗ್ಲಿಸರಿನ್, ವಿಟಮಿನ್, ಸುವಾಸನೆ ಎಂದು ಚೆಂದದ ಪಟ್ಟಿಯನ್ನು ಅಚ್ಚು ಹಾಕಿಸುತ್ತಾನೆ. ಆ್ಯಪ್ ಆ ಪಟ್ಟಿಯನ್ನು ಓದಿ ಹಸಿರು ಬಣ್ಣ ತೋರಿಸುತ್ತದೆ. ಹೀಗೆ ಎಲ್ಲಿ ಎಚ್ಚರಿಕೆ ಅತ್ಯಂತ ಅಗತ್ಯವೋ ಅಲ್ಲಿಯೇ ಆ್ಯಪ್ ಸುಮ್ಮನಿರುತ್ತದೆ.

4. ಪಾದರಸ ಮಾಡುವ ಕೆಲಸ

ನಮ್ಮ ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ಪದಾರ್ಥ. ಪಾದರಸದ ಲವಣಗಳು ಈ ಮೆಲನಿನ್ ತಯಾರಾಗುವುದನ್ನು ತಡೆಯುತ್ತವೆ. ಆದುದರಿಂದ ಕೆಲವೇ ವಾರಗಳಲ್ಲಿ ಮುಖ ಬೆಳ್ಳಗಾದಂತೆ ಕಾಣುತ್ತದೆ. ಕೊಂಡವರಿಗೆ ಸಂತೋಷ, ಮಾರಿದವರಿಗೆ ಲಾಭ. ಆದರೆ ಹಚ್ಚಿದ ಪಾದರಸ ಚರ್ಮದ ಮೂಲಕ ರಕ್ತಕ್ಕೆ ಸೇರುತ್ತದೆ, ಆವಿಯಾಗಿ ಉಸಿರಿನಲ್ಲಿಯೂ ಹೋಗುತ್ತದೆ, ಕೊನೆಗೆ ಹೆಚ್ಚಾಗಿ ಮೂತ್ರಪಿಂಡದಲ್ಲಿ ಶೇಖರವಾಗುತ್ತದೆ. ಕ್ರೀಮು ನಿಲ್ಲಿಸಿದರೆ ಮೆಲನಿನ್ ಪುನಃ ತಯಾರಾಗಿ ಮುಖ ಮೊದಲಿನ ಬಣ್ಣಕ್ಕೆ ಬರುತ್ತದೆ. ಆಗ 'ನಿಲ್ಲಿಸಿದ್ದರಿಂದ ಕಪ್ಪಾಯಿತು' ಎಂದು ಮತ್ತೆ ಹಚ್ಚುತ್ತಾರೆ. ಹೀಗೆ ತಿಂಗಳುಗಳು ವರ್ಷಗಳಾಗುತ್ತವೆ.

ಹಚ್ಚಿದವರಿಗೆ ಮಾತ್ರ ಇದರಿಂದ ತೊಂದರೆ ಎಂದು ತಿಳಿಯಬಾರದು. ಅಮೆರಿಕದಲ್ಲಿ 2010ರಲ್ಲಿ ನಡೆದ ತನಿಖೆಯಲ್ಲಿ, ಇಂತಹ ಕ್ರೀಮನ್ನು ಒಮ್ಮೆಯೂ ಹಚ್ಚದ ಮನೆಮಂದಿಯ ದೇಹದಲ್ಲಿಯೂ, ಮಕ್ಕಳಲ್ಲಿಯೂ ಪಾದರಸ ಕಂಡುಬಂದಿತ್ತು. ತಾಯಿಯ ಕೆನ್ನೆಗೆ ಕೆನ್ನೆ ಒತ್ತುವ ಮಗು, ಒಂದೇ ಬೈರಾಸಿನಲ್ಲಿ ಮುಖ ಒರೆಸುವ ಮನೆಮಂದಿ, ಎಲ್ಲರಿಗೂ ಪಾಲು ಸಿಗುತ್ತದೆ. ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಇನ್ನೂ ಹೆಚ್ಚು ಜಾಗ್ರತೆ ವಹಿಸಬೇಕು.

ರೈತರಾದ ನಮಗೆ ಪಾದರಸ ಅಪರಿಚಿತವಲ್ಲ. ಬೀಜೋಪಚಾರಕ್ಕೆ ಬಳಸುತ್ತಿದ್ದ ಮೆಥಾಕ್ಸಿ ಈಥೈಲ್ ಮರ್ಕ್ಯುರಿ ಕ್ಲೋರೈಡ್ ಎಂಬ ಪಾದರಸದ ಮದ್ದನ್ನು ಕೇಂದ್ರ ಸರಕಾರ 2018ರ ಆಗಸ್ಟಿನಲ್ಲಿ ನಿಷೇಧಿಸಿತು. ಪಾದರಸದ ಬಳಕೆಯನ್ನು ತಡೆಯುವ ಮಿನಮಾಟ ಒಪ್ಪಂದಕ್ಕೆ ಭಾರತ ಅದೇ ವರ್ಷ ಸ್ಥಿರೀಕರಣ ನೀಡಿತು. ಬಿತ್ತುವ ಬೀಜಕ್ಕೂ ಬೇಡವೆಂದು ದೂರವಿಟ್ಟ ವಿಷವನ್ನು ಮಗಳ ಮುಖಕ್ಕೆ ಹಚ್ಚುವುದು ಎಲ್ಲಿಯ ನ್ಯಾಯ? ಗೇರು ತೋಟಗಳ ಮೇಲೆ 2000ದ ವರೆಗೆ ಸುಮಾರು ಎರಡು ದಶಕಗಳ ಕಾಲ ಆಕಾಶದಿಂದ ಎಂಡೋಸಲ್ಫಾನ್ ಸುರಿದಾಗ, ಏನು ಬೀಳುತ್ತಿದೆ ಎಂದು ತಿಳಿಯುವ ದಾರಿ ಕೆಳಗಿದ್ದ ನಮ್ಮ ಜಿಲ್ಲೆಯ ಬಡವರಿಗೆ ಇರಲಿಲ್ಲ. ಇಂದು ಡಬ್ಬಿ ನಮ್ಮ ಕೈಯಲ್ಲಿದೆ. ಓದುವ ದಾರಿಯೂ ಇದೆ.

5. ಮೊದಲು ಡಬ್ಬಿ, ಅನಂತರ ಆ್ಯಪ್

ಯಾವುದೇ ಕ್ರೀಮು, ಎಣ್ಣೆ, ಬಣ್ಣ ಕೊಂಡಾಗ ಈ ಕ್ರಮದಲ್ಲಿ ನೋಡಬೇಕು.

(ಅ) ತಯಾರಕರ ಹೆಸರು ಮತ್ತು ಪೂರ್ಣ ವಿಳಾಸ ಇದೆಯೇ? ತಯಾರಿಕಾ ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಯಾವಾಗಿನವರೆಗೆ ಬಳಸಬಹುದೆಂಬ ತಾರೀಕು ಇವೆಯೇ? ಪರದೇಶದ ಸಾಮಾನಾದರೆ ಭಾರತದಲ್ಲಿ ಆಮದು ಮಾಡಿದವರ ಹೆಸರು, ವಿಳಾಸ ಮತ್ತು ನೋಂದಣಿ ನಂಬರು ಇವೆಯೇ? ಇಲ್ಲದಿದ್ದರೆ ಅಲ್ಲಿಗೇ ಬಿಡಿ. ಆ್ಯಪ್ ತೆರೆಯುವ ಅಗತ್ಯವೇ ಇಲ್ಲ.

(ಆ) ಇಂಗ್ರೀಡಿಯೆಂಟ್ಸ್ ಎಂದು ಬರೆದ ಪಟ್ಟಿ ಇದೆಯೇ? ಶೇಕಡಾ ಒಂದಕ್ಕಿಂತ ಹೆಚ್ಚಿರುವ ಘಟಕಗಳನ್ನು ಹೆಚ್ಚಿನದರಿಂದ ಕಡಿಮೆಗೆ ಎಂಬ ಕ್ರಮದಲ್ಲಿ ಬರೆಯಬೇಕೆಂದು ನಿಯಮ. ಅದಕ್ಕಿಂತ ಕಡಿಮೆ ಇರುವವು ಕೊನೆಯಲ್ಲಿ ಯಾವ ಕ್ರಮದಲ್ಲಿಯೂ ಬರಬಹುದು. ಮೊದಲಿಗೆ 'ಅಕ್ವಾ' ಎಂದಿದ್ದರೆ ಹೆಚ್ಚಿನ ಪಾಲು ನೀರು ಎಂದರ್ಥ. 30 ಗ್ರಾಮಿಗಿಂತ ಚಿಕ್ಕ ಕ್ರೀಮಿನ ಡಬ್ಬಿಗೂ 60 ಮಿಲಿಲೀಟರಿಗಿಂತ ಚಿಕ್ಕ ದ್ರವದ ಬಾಟಲಿಗೂ ಈ ಪಟ್ಟಿ ಕಡ್ಡಾಯವಲ್ಲ. ನಮ್ಮವರು ಹೆಚ್ಚಾಗಿ ಕೊಳ್ಳುವುದು ಚಿಕ್ಕ ಡಬ್ಬಿಯನ್ನೇ. ಅಂತಹ ಕಡೆ ಮೊದಲನೆಯ ಪರೀಕ್ಷೆ ಇನ್ನೂ ಮುಖ್ಯವಾಗುತ್ತದೆ.

(ಇ) ಪಟ್ಟಿಯಲ್ಲಿ ಪಾದರಸದ ಹೆಸರುಗಳೇನಾದರೂ ಇವೆಯೇ? ಮರ್ಕ್ಯುರಿ, ಮರ್ಕ್ಯುರಸ್ ಕ್ಲೋರೈಡ್, ಕ್ಯಾಲೊಮೆಲ್, ಮರ್ಕ್ಯುರಿಕ್ ಅಯೊಡೈಡ್, ಅಮೋನಿಯೇಟೆಡ್ ಮರ್ಕ್ಯುರಿ, ಸಿನಬಾರ್ ಇವೆಲ್ಲ ಒಂದೇ ಕುಲದವು.

(ಈ) ಬಳಸುವ ವಿಧಾನದಲ್ಲಿ 'ಚಿನ್ನ, ಬೆಳ್ಳಿ, ಅಲ್ಯುಮಿನಿಯಂ, ರಬ್ಬರ್ ತಾಗದಂತೆ ನೋಡಿಕೊಳ್ಳಿ' ಎಂದು ಬರೆದಿದೆಯೇ? ಪಾದರಸ ಚಿನ್ನಬೆಳ್ಳಿಯೊಡನೆ ಬೆರೆಯುವ ಗುಣದ್ದು. ಪಟ್ಟಿಯಲ್ಲಿ ಅದರ ಹೆಸರು ಇಲ್ಲದಿದ್ದರೂ ಈ ಎಚ್ಚರಿಕೆ ಅದರ ಗುಟ್ಟನ್ನು ಬಯಲು ಮಾಡುತ್ತದೆ. ಆದರೆ ಚಿನ್ನಕ್ಕೆ ಹಚ್ಚಿ ಪರೀಕ್ಷೆ ಮಾಡಲು ಹೋಗಬೇಡಿ. ಏನೂ ಆಗದಿದ್ದರೆ ಕ್ರೀಮು ಒಳ್ಳೆಯದೆಂದು ಸಿದ್ಧವಾಗುವುದಿಲ್ಲ.

(ಉ) ಬರವಣಿಗೆ ಅರಬಿ, ಉರ್ದು, ಥಾಯ್, ಚೀನೀ ಲಿಪಿಯಲ್ಲಿ ಮಾತ್ರ ಇದ್ದರೆ ಗೂಗಲ್ ಲೆನ್ಸ್‌ನಿಂದ ಅನುವಾದ ಮಾಡಿಸಿ ಓದಬಹುದು. ಗಲ್ಫಿನಿಂದ ರಜೆಗೆ ಬರುವ ಬಂಧುಗಳ ಪೆಟ್ಟಿಗೆಯಲ್ಲಿ ಇಂತಹ ಡಬ್ಬಿಗಳು ಪ್ರೀತಿಯ ಕೊಡುಗೆಯಾಗಿ ಬರುತ್ತವೆ. ಕೊಟ್ಟವರ ಪ್ರೀತಿಯಲ್ಲಿ ಸಂದೇಹ ಬೇಡ, ಡಬ್ಬಿಯಲ್ಲಿ ಸಂದೇಹವಿರಲಿ.

(ಊ) ಇಷ್ಟೆಲ್ಲ ಸರಿಯಿದ್ದರೆ ಆಗ ಆ್ಯಪ್ ತೆರೆಯಿರಿ. ಬಾರ್‌ಕೋಡಿನಿಂದ ಬಂದ ಪಟ್ಟಿಯೂ ನಿಮ್ಮ ಡಬ್ಬಿಯ ಮೇಲಿನ ಪಟ್ಟಿಯೂ ಒಂದೇ ಹೌದೋ ಎಂದು ಹೋಲಿಸಿ. ತಯಾರಕರು ಪಾಕ ಬದಲಿಸಿದರೂ ಆ್ಯಪ್‌ನಲ್ಲಿ ಹಳೆಯ ಪಟ್ಟಿಯೇ ಉಳಿದಿರಬಹುದು. ಬಳಿಕ ಒಂದೊಂದು ಘಟಕದ ವಿವರ ಓದಿ. ಆ್ಯಪ್ 'ಇದರ ಬದಲು ಇದನ್ನು ಕೊಳ್ಳಿ' ಎಂದು ಬೇರೆ ಸಾಮಾನು ತೋರಿಸಿದರೆ ಕೊಳ್ಳಲೇಬೇಕೆಂದಿಲ್ಲ.

ಬೋರ್ಡೋ ದ್ರಾವಣ ಸರಿಯಾಗಿದೆಯೇ ಎಂದು ತಿಳಿಯಲು ನಮ್ಮ ಹಿರಿಯರು ಹೊಳೆಯುವ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುತ್ತಿದ್ದರು. ಕತ್ತಿಗೆ ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಹಾಕುತ್ತಿದ್ದರು. ಮೈಲುತುತ್ತಿನ ಚೀಲದ ಮೇಲಿನ ಬರಹವನ್ನು ನಂಬಿ ಕುಳಿತವರಲ್ಲ. ಕ್ರೀಮಿನ ಪಾದರಸಕ್ಕೆ ಮನೆಯಲ್ಲಿ ಮಾಡುವ ಇಂತಹ ಕತ್ತಿಯ ಪರೀಕ್ಷೆ ಇಲ್ಲ. ಅದು ಪ್ರಯೋಗಾಲಯದಲ್ಲಿ ಮಾತ್ರ ತಿಳಿಯುತ್ತದೆ. ಆದುದರಿಂದಲೇ ಲೈಸೆನ್ಸ್ ಮತ್ತು ವಿಳಾಸಕ್ಕೆ ಇಷ್ಟು ಮಹತ್ವ. ತಪ್ಪು ನಡೆದರೆ ಹಿಡಿದು ಕೇಳಲು ಒಬ್ಬ ಜವಾಬ್ದಾರ ಇರಬೇಕು.

6. ಔಷಧವನ್ನು ಕ್ರೀಮೆಂದು ಹಚ್ಚುವುದು

ಇನ್ನೊಂದು ಬಗೆಯ ಅಪಾಯವೂ ನಮ್ಮ ಮನೆಗಳಲ್ಲಿದೆ. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಹೆಸರಿರುವ ಟ್ಯೂಬುಗಳು ಸ್ಟೀರಾಯ್ಡ್ ಔಷಧಗಳು. ಇವುಗಳಲ್ಲಿ ಕೆಲವನ್ನು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಎಂಬ ಔಷಧಗಳೊಡನೆ ಬೆರೆಸಿಯೂ ಮಾರುತ್ತಾರೆ. ಚರ್ಮರೋಗಕ್ಕೆ ವೈದ್ಯರು ಇಷ್ಟು ದಿನ, ಇಷ್ಟು ಜಾಗಕ್ಕೆ ಎಂದು ಅಳೆದು ಬರೆಯುವ ಔಷಧಗಳಿವು. ನೆರೆಮನೆಯವರಿಗೆ ಒಳ್ಳೆಯದಾಯಿತೆಂದು ತಾವೇ ತಂದು ಮುಖಕ್ಕೆ ಹಚ್ಚಿದರೆ ಮೊದಲು ಹೊಳಪು ಬಂದಂತೆ ಕಾಣುತ್ತದೆ. ಕ್ರಮೇಣ ಚರ್ಮ ತೆಳ್ಳಗಾಗಿ, ರಕ್ತನಾಳ ಎದ್ದು ಕಂಡು, ಮೊಡವೆ ಮತ್ತು ಕೂದಲು ಹೆಚ್ಚಿ, ಬಿಸಿಲಿಗೆ ಹೋದರೆ ಉರಿ ಏಳುತ್ತದೆ. ನಿಲ್ಲಿಸಿದರೆ ಮುಖ ಕೆಂಡದಂತಾಗುತ್ತದೆ. ಆದುದರಿಂದ ಬಹುಕಾಲ ಹಚ್ಚಿದವರು ನಿಲ್ಲಿಸುವ ಕ್ರಮವನ್ನು ಚರ್ಮವೈದ್ಯರಿಂದಲೇ ಕೇಳಿ ತಿಳಿಯಬೇಕು.

ಕೇಂದ್ರ ಸರಕಾರ 2018ರ ಮಾರ್ಚಿನಲ್ಲಿ ಹಚ್ಚುವ ಸ್ಟೀರಾಯ್ಡುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಆದೇಶಿಸಿತು. ಸೌಂದರ್ಯ ಸಾಮಗ್ರಿಯ ಆ್ಯಪ್‌ಗಳು ಔಷಧಗಳಿಗಾಗಿ ರಚಿತವಾದವಲ್ಲ. ಅಲ್ಲಿ ಹುಡುಕಿ ಪ್ರಯೋಜನವಿಲ್ಲ.

7. ಆ್ಯಪ್‌ನಿಂದ ನಿಜವಾದ ಉಪಕಾರ

ಹಾಗಾದರೆ ಆ್ಯಪ್ ವ್ಯರ್ಥವೇ? ಅಲ್ಲ. ಅಲರ್ಜಿ ಇರುವವರಿಗೆ ಅದು ಬಹಳ ಉಪಕಾರಿ. ಕೂದಲಿನ ಕಪ್ಪು ಬಣ್ಣದಲ್ಲಿರುವ ಪಿ.ಪಿ.ಡಿ. ಎಂಬ ಪದಾರ್ಥ ಕೆಲವರಿಗೆ ಆಗುವುದಿಲ್ಲ. ಹಚ್ಚಿದರೆ ತಲೆ, ಹಣೆ, ಕಣ್ಣುರೆಪ್ಪೆ ಊದಿಕೊಳ್ಳುತ್ತವೆ. ಬೇಗ ಕಪ್ಪಾಗುವ 'ಕಪ್ಪು ಮೆಹಂದಿ'ಯಲ್ಲಿಯೂ ಇದನ್ನು ಬೆರೆಸುವುದುಂಟು. ಮೀಥೈಲ್‌ಐಸೊಥಯಾಜೋಲಿನೋನ್ ಎಂಬ ಇನ್ನೊಂದು ಪದಾರ್ಥವೂ ಹಲವರಿಗೆ ತುರಿಕೆ ತಂದುದರಿಂದ, ಹಚ್ಚಿ ಹಾಗೆಯೇ ಬಿಡುವ ಕ್ರೀಮುಗಳಲ್ಲಿ ಅದನ್ನು ಐರೋಪ್ಯ ಒಕ್ಕೂಟ 2017ರಲ್ಲಿ ನಿಷೇಧಿಸಿತು. ಇಷ್ಟುದ್ದದ ಹೆಸರುಗಳನ್ನು ಸಣ್ಣ ಅಕ್ಷರಗಳ ನಡುವೆ ಹುಡುಕುವುದು ವಯಸ್ಸಾದವರ ಕಣ್ಣಿಗೆ ಕಷ್ಟ. ವೈದ್ಯರು 'ಇದು ನಿಮಗೆ ಆಗದು' ಎಂದು ಒಂದು ಹೆಸರು ಹೇಳಿದ್ದರೆ, ಅದು ಯಾವುದರಲ್ಲಿದೆ ಎಂದು ಹುಡುಕಲು ಮೊಬೈಲು ಒಳ್ಳೆಯ ಸಹಾಯಕ. ಆದರೂ ಕೂದಲಿನ ಬಣ್ಣ ಹಚ್ಚುವ ಮೊದಲು ಪ್ಯಾಕಿನ ಸೂಚನೆಯಂತೆ ಸ್ವಲ್ಪ ಜಾಗಕ್ಕೆ ಹಚ್ಚಿ ಪರೀಕ್ಷೆ ಮಾಡುವುದನ್ನು ಬಿಡಬಾರದು.

'ಆ್ಯಪ್ ಬೇಡ, ಪ್ರಕೃತಿಯದ್ದೇ ಸಾಕು' ಎನ್ನುವವರಿಗೂ ಒಂದು ಮಾತು. ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆಯಾಗುವುದುಂಟು. ಗಿಡದ್ದೆಲ್ಲ ಚರ್ಮಕ್ಕೆ ಒಳ್ಳೆಯದೆಂದು ಹೇಳುವಂತಿಲ್ಲ.

8. ಈಗಾಗಲೇ ಹಚ್ಚುತ್ತಿರುವವರು ಏನು ಮಾಡಬೇಕು?

ಹೆಸರು ವಿಳಾಸವಿಲ್ಲದ, ಬೇಗ ಬೆಳ್ಳಗಾಗಿಸುವ ಕ್ರೀಮು ಹಚ್ಚುತ್ತಿದ್ದರೆ ನಿಲ್ಲಿಸಿ. ಡಬ್ಬಿಯನ್ನು ಗೊಬ್ಬರದ ಗುಂಡಿಗೆ, ತೋಡಿಗೆ, ಬಾವಿಯ ಬಳಿ ಎಸೆಯಬೇಡಿ. ಒಲೆಗೆ ಹಾಕಲೇಬೇಡಿ, ಪಾದರಸದ ಆವಿ ಮನೆಯಲ್ಲೆಲ್ಲ ಹರಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ವೈದ್ಯರಲ್ಲಿಗೆ ಕೊಂಡೊಯ್ಯಿರಿ. ಕಾಲು ಅಥವಾ ಕಣ್ಣಿನ ರೆಪ್ಪೆ ಊದಿಕೊಳ್ಳುವುದು, ಮೂತ್ರದಲ್ಲಿ ನೊರೆ, ಕಾರಣವಿಲ್ಲದ ಆಯಾಸ, ಕೈ ನಡುಕ, ನಿದ್ರೆ ಬಾರದಿರುವುದು ಇವುಗಳಲ್ಲಿ ಯಾವುದಿದ್ದರೂ ತಡಮಾಡಬೇಡಿ. ಮೂತ್ರದ ಪ್ರೋಟೀನ್ ಪರೀಕ್ಷೆ ಹೆಚ್ಚು ಖರ್ಚಿನದಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ. ವೈದ್ಯರು ಕೇಳದಿದ್ದರೂ 'ನಾನು ಈ ಕ್ರೀಮು ಹಚ್ಚುತ್ತಿದ್ದೆ' ಎಂದು ನೀವೇ ಹೇಳಬೇಕು. ನಾಚಿಕೆಯಿಂದ ಮುಚ್ಚಿಟ್ಟರೆ ಕಾಯಿಲೆಯ ಮೂಲ ಸಿಗದೆ ಮದ್ದು ವ್ಯರ್ಥವಾಗುತ್ತದೆ.

ಅಂಗಡಿಯಿಂದ ಕೊಂಡದ್ದಾದರೆ ಬಿಲ್ಲು ಇಟ್ಟುಕೊಂಡು ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡಿ. ಗಡಿಯ ಆಚೆ ಮಂಗಳೂರಿನಲ್ಲಿ ಕೊಂಡದ್ದಾದರೆ ಕರ್ನಾಟಕದ ಅಧಿಕಾರಿಗಳಿಗೆ ತಿಳಿಸಬೇಕು.

9. ಕೊನೆಯ ಮಾತು

ಇಂತಹ ಕ್ರೀಮುಗಳ ಹಿಂದೆ ಇರುವುದು ಬಣ್ಣದ ಹಂಬಲ ಮಾತ್ರವಲ್ಲ. ಮದುವೆಯ ಮಾತುಕತೆಗೆ ಬಂದವರು 'ಹುಡುಗಿ ಸ್ವಲ್ಪ ಕಪ್ಪು' ಎಂದು ಹೇಳಿಹೋದ ಮನೆಯಲ್ಲಿ ಮರುದಿನವೇ ಡಬ್ಬಿ ಬರುತ್ತದೆ. ಚರ್ಚಿನಲ್ಲಿ ಮದುವೆಯ ಪ್ರಕಟಣೆ ಓದುವ ಮೂರು ಭಾನುವಾರಗಳೊಳಗೆ ಮುಖ ಬೆಳ್ಳಗಾಗಬೇಕೆಂಬ ಅವಸರ ಬೇರೆ. ಗದ್ದೆಯಲ್ಲಿ, ತೋಟದಲ್ಲಿ ದುಡಿದ ಮೈಗೆ ಬಿಸಿಲು ಕೊಟ್ಟ ಬಣ್ಣ ಅವಮಾನವಲ್ಲ. ಹೆಣ್ಣು ನೋಡಲು ಹೋಗುವ ಹಿರಿಯರು ಬಣ್ಣದ ಮಾತನ್ನು ಬಿಟ್ಟರೆ, ಯಾವ ಆ್ಯಪ್ ಕೂಡ ಮಾಡಲಾರದ ರಕ್ಷಣೆಯನ್ನು ಮಾಡಿದಂತಾಗುತ್ತದೆ.

ಚರ್ಮದ ನಿಜವಾದ ಆರೈಕೆ ದುಬಾರಿಯಲ್ಲ. ಹಾಳೆಯ ಮುಟ್ಟಾಳೆಯೋ ಅಗಲವಾದ ಟೊಪ್ಪಿಯೋ ತಲೆಯ ಮೇಲಿರಲಿ, ತುಂಬುತೋಳಿನ ಅಂಗಿ ಇರಲಿ. ಒಣ ಚರ್ಮಕ್ಕೆ ತೆಂಗಿನೆಣ್ಣೆ ಇದೆ. ಮುಖದ ಮೇಲೆ ಬಂಗು ಎದ್ದರೆ ಬಿಸಿಲಿನಿಂದ ಅದು ಹೆಚ್ಚಾಗುತ್ತದೆ, ವೈದ್ಯರನ್ನು ಕಾಣಬೇಕು.

ಮನೆಯಲ್ಲಿ ಮಾಡಬೇಕಾದ ಅಭ್ಯಾಸ

1. ಈ ವಾರ ಮನೆಯಲ್ಲಿರುವ ಎಲ್ಲ ಕ್ರೀಮು, ಪೌಡರು, ಬಣ್ಣಗಳನ್ನು ಒಂದು ಮೇಜಿನ ಮೇಲೆ ಇಡಿ. ತಯಾರಕರ ವಿಳಾಸ ಮತ್ತು ಲೈಸೆನ್ಸ್ ನಂಬರು ಇಲ್ಲದವನ್ನು ಬೇರೆ ಮಾಡಿ.

2. ಅವಧಿ ಮುಗಿದವು ಎಷ್ಟು ಎಂದು ಎಣಿಸಿ.

3. ಓದಬಲ್ಲ ಮಕ್ಕಳು ಪಟ್ಟಿಯನ್ನು ಗಟ್ಟಿಯಾಗಿ ಓದಲಿ, ಹಿರಿಯರು ಕೇಳಲಿ. ಬಳಿಕ ಆ್ಯಪ್‌ನಲ್ಲಿ ನೋಡಿ, ಎರಡು ಪಟ್ಟಿಗಳನ್ನು ಹೋಲಿಸಿ.

4. ಕೆಂಪು ಬಂದ ಒಂದು ಘಟಕವನ್ನು ಆರಿಸಿ, ಕಾರಣವೇನೆಂದು ಓದಿ ಮನೆಯವರಿಗೆ ತಿಳಿಸಿ.

5. ವೈದ್ಯರ ಚೀಟಿ ಇಲ್ಲದೆ ತಂದ ಮುಖದ ಟ್ಯೂಬು ಇದೆಯೇ ನೋಡಿ. ಇದ್ದರೆ ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.